ಎರಡು ಬಳೆಯ ಗುರುತು

ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನಲ್ಲಿ ಮೊಮ್ಮಗಳು ರಮ್ಶಾ ಲ್ಯಾಪ್‌ಟಾಪು ತಿರುಗಿಸಿದ್ದೇ ತಡ, ಅನ್ವರ್ ಸಾಹೇಬರು ಚಹಾ ಮರೆತರು. ಪರದೆಯ ತುಂಬ ಕರಿಹೊಳೆಯ ಸೇತುವೆ! ಸುಲ್ತಾನರ ಕಾಲದ ಕೆಂಗಲ್ಲಿನ ಐದು ಕಮಾನು, ಕೆಳಗೆ ಮೊಣಕಾಲುಮಟ್ಟದ ನೀರು. ಪುರಾತತ್ವ ಇಲಾಖೆಯ ಕಾವಲುಗಾರರಾಗಿ ಮೂವತ್ತೊಂದು ವರ್ಷ ಅದನ್ನು ಕಾದವರು ಅವರು.

ಕಾದವರೆಂದರೆ ಸುಮ್ಮನೆ ಬೀಡಿ ಸೇದುತ್ತ ಕೂತವರಲ್ಲ. ಪ್ರೇಮಿಗಳು ಕಲ್ಲಿನ ಮೇಲೆ ಹೆಸರು ಕೊರೆದು ಹೋದರೆ ಮರುದಿನವೇ ಸುಣ್ಣ ಕಲಸಿ ಮುಚ್ಚುತ್ತಿದ್ದರು. ಕೈಗೆ ಸಿಕ್ಕವರಿಗೆ ಮಂಗಳಾರತಿ ಬೇರೆ.

ರಮ್ಶಾ ಕಾಲೇಜಿನ ಪ್ರಾಜೆಕ್ಟಿಗೆ ಅಜ್ಜನ ಸೇತುವೆಯನ್ನೇ ಆರಿಸಿಕೊಂಡಿದ್ದಳು. ಕಟ್ಟಿದ ಕಲ್ಲುಕುಟಿಗರು ಅಲ್ಲಲ್ಲಿ ಬಿಟ್ಟ ಮೀನು, ಬಾಣದಂಥ ಗುರುತುಗಳ ಪಟ್ಟಿ ಮಾಡಿ ಇಲಾಖೆಗೆ ಕಳಿಸಬೇಕು. ಸೇತುವೆಯ ಕಲ್ಲುಕಲ್ಲೂ ಬಲ್ಲ ಅಜ್ಜ ನೋಡಿ ಹೂಂ ಅಂದರೆ ಮುಗಿಯಿತು.

"ದಾದಾ, ಇದು ನೋಡಿ. ಥರ್ಡ್ ಆರ್ಚ್ ಕೆಳಗೆ. ಎರಡು ಬಳೆ, ಒಂದರಲ್ಲಿ ಒಂದು. ಬೇರೆ ಎಲ್ಲೂ ಇಲ್ಲ. ಸೋ ರೇರ್!"

ಅನ್ವರರು ಆ ಬಳೆಗಳತ್ತ ಬಾಗಿದರು. ಕೆಲಸಕ್ಕೆ ಸೇರಿದ ವರ್ಷ, ನಿಕಾಹ್‌ಗೆ ವಾರವಿರುವಾಗ, ಬಳೆಗಾರರ ಮನೆಯ ಹುಡುಗಿ ಜೈನಬ್‌ಗಾಗಿ ತಾವೇ ಉಳಿ ಹಿಡಿದು ಕೆತ್ತಿದ್ದು. ಮದುವೆಯಾದ ಮೇಲೂ ಆಕೆ ಬಟ್ಟೆ ಒಗೆಯಲು ಹೊಳೆಗೆ ಬಂದಾಗಲೆಲ್ಲ ತಲೆಯೆತ್ತಿ ಅದನ್ನು ನೋಡಿ, ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಆಕೆ ತೀರಿಕೊಂಡು ನಾಲ್ಕು ವರ್ಷವಾಯಿತು. ಊರಿನಲ್ಲಿ ಆಕೆಯದೆಂದು ಉಳಿದದ್ದು ಅದೊಂದೇ. ಹೂಂ ಅಂದುಬಿಟ್ಟರೆ ಅದನ್ನು ಸರ್ಕಾರವೇ ಕಾಯುತ್ತದೆ. ನಿಜ ಹೇಳಿದರೆ ಅದಕ್ಕೂ ಸುಣ್ಣ ಬೀಳುತ್ತದೆ.

ರಮ್ಶಾ ಆಗಲೇ "ಆರುನೂರು ವರ್ಷ ಹಳೆಯದು" ಎಂದು ಬರೆಯತೊಡಗಿದ್ದಳು.

"ತಡಿ ಬೇಟಾ. ಅದು ಆಗಿನವರದಲ್ಲ. ನಾನೇ ಕೆತ್ತೀನಿ, ನಿಮ್ಮ ದಾದೀಮಾ ಸಲುವಾಗಿ."

ಹುಡುಗಿಯ ಕೈ ನಿಂತಿತು. ಅಜ್ಜನ ಮುಖವನ್ನೇ ನೋಡಿದಳು.

"ನಾನು ಯಾರಿಗೂ ಹೇಳಲ್ಲ ದಾದಾ, ಪ್ರಾಮಿಸ್. ಲಿಸ್ಟಿಂದ ತೆಗೀತೀನಿ. ಅದು ಹಾಗೇ ಇರಲಿ, ಪ್ಲೀಸ್."

ಅನ್ವರರಿಗೆ ಒಪ್ಪಿಬಿಡುವ ಆಸೆ ಎಷ್ಟಿತ್ತೆಂದರೆ, ಹೂಂ ಎಂಬುದು ನಾಲಿಗೆಯ ತುದಿಗೇ ಬಂದಿತ್ತು.

"ಹಂಗ ಆಗೂದಿಲ್ಲ ಬೇಟಾ. ಎಷ್ಟು ಮಂದೀದು ಮುಚ್ಚೀನಿ ನಾ! ಅವರೂ ಯಾರದೋ ಸಲುವಾಗೇ ಕೊರದಿದ್ರು. ಕಾವಲುಗಾರಂದು ಅಂತ ಬರದು ಕಳಿಸು."

ರಮ್ಶಾ ಕಣ್ಣೊರೆಸಿಕೊಂಡು ಬರೆದಳು. ಅವರು ಆರಿದ ಚಹಾ ಕುಡಿದು ಲೋಟ ಕೆಳಗಿಟ್ಟರು.

"ಇನ್ನೊಂದು ಮಾತು ಸೇರಿಸು. ಬರೇ ಸುಣ್ಣ ಮೆತ್ತಿದ್ರ ಬೆಳ್ಳಗ ಎದ್ದು ಕಾಣತೈತಿ. ಕೆಂಪು ಇಟ್ಟಂಗಿ ಪುಡಿ ಕಲಸ್ರಿ ಅನ್ನು, ಕಲ್ಲಿನ ಬಣ್ಣಕ್ಕ ಕೂಡತೈತಿ. ಮಂದಿ ತನ್ನ ಕಡೆ ನೋಡೂದು ಆಕೀಗೆ ಸೇರ್ತಿದ್ದಿಲ್ಲ."