ಪಕ್ಕದವಳ ಉಸಿರು

ಬಂದರಿನಲ್ಲಿ ಅವಳನ್ನು ಎಲ್ಲರೂ ಟಾರ್ಪಾಲಕ್ಕ ಎಂದೇ ಕರೆಯುತ್ತಿದ್ದರು. ದೋಣಿಗಳಿಗೆ ಹೊದಿಸುವ ಟಾರ್ಪಾಲು ಹೊಲಿಯುವುದು ಅವಳ ಕೆಲಸ. ಒರಟು ಬಟ್ಟೆಗೆ ದಬ್ಬಳ ಚುಚ್ಚಿ ಚುಚ್ಚಿ ಅಂಗೈ ಗಟ್ಟಿಯಾಗಿತ್ತು. ಮಾತೂ ಹಾಗೆಯೇ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರಿದ್ದರು. ಗಂಡ ಇದ್ದಾಗ ಹೀಗಿರಲಿಲ್ಲ. ಅವನು ನೀರಿಗಿಳಿದು ಹಡಗಿನ ತಳ ಕೆರೆಯುವವನು, ಮುಳುಗಿದ್ದನ್ನು ಎತ್ತುವವನು. ನೆಲಕ್ಕಿಂತ ನೀರಿನಲ್ಲೇ ಹೆಚ್ಚು ಇರುತ್ತಿದ್ದುದರಿಂದ ಜನ ಅವನಿಗೆ ಬಾತುಕೋಳಿ ಎಂದು ಹೆಸರಿಟ್ಟಿದ್ದರು. ಅವಳು ಅದಕ್ಕೆ ಮುಖ ಉಬ್ಬಿಸಿದರೆ, ಅವನು ಅಡುಗೆಮನೆಯ ತುಂಬ ಪಾದ ಅಗಲಿಸಿ ವಾಲಾಡುತ್ತ ನಡೆದು ಅವಳನ್ನು ನಗಿಸಿಯೇ ಬಿಡುತ್ತಿದ್ದ.

ಆ ನಗು ನಿಂತದ್ದು ಮಗಳು ಅಂಬೆಗಾಲಿಡುತ್ತಿದ್ದಾಗ. ಅವನೂ ಅವನ ಅಣ್ಣನೂ ಮುಳುಗಿದ್ದ ದೋಣಿಯೊಂದಕ್ಕೆ ಸರಪಳಿ ಬಿಗಿಯಲು ಇಳಿದಿದ್ದರು. ಕೆಳಗೆ ತಗಡಿನ ಅಂಚಿಗೆ ಸಿಕ್ಕಿ ಅಣ್ಣನ ಗಾಳಿಯ ಪೈಪು ಹರಿಯಿತು. ಆಗೆಲ್ಲ ಒಬ್ಬೊಬ್ಬರಿಗೆ ಒಂದೇ ರೆಗ್ಯುಲೇಟರು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಮುಟ್ಟಿಸುವ ಆ ಒಂದು ಸಾಧನ ಕೈಕೊಟ್ಟರೆ ಕಥೆ ಮುಗಿದಂತೆ. ತಮ್ಮ ತನ್ನದನ್ನೇ ಬಾಯಿಂದ ತೆಗೆದು ಅಣ್ಣನಿಗೆ ಕೊಟ್ಟ. ಒಬ್ಬ ಉಸಿರೆಳೆದು ಇನ್ನೊಬ್ಬನಿಗೆ, ಅವನು ಎಳೆದು ಮತ್ತೆ ಇವನಿಗೆ, ಹೀಗೆ ದಾಟಿಸುತ್ತ ಇಬ್ಬರೂ ಮೇಲೇರತೊಡಗಿದರು. ದಡದಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ ಅವಳು ಕಂಡದ್ದು ಕೊನೆಯನ್ನು ಮಾತ್ರ. ಭಾವ ಅವಳ ಗಂಡನನ್ನು ತೋಳಿನಲ್ಲಿ ಎಳೆದುಕೊಂಡು ಮೇಲೆ ಬಂದ. ಗಂಡನ ಬಾಯಿ ಬರಿದಾಗಿತ್ತು. ಗಂಡನ ಬೆನ್ನಿನ ಸಿಲಿಂಡರಿನಿಂದ ಬಂದ ಪೈಪು ಭಾವನ ಹಲ್ಲುಗಳ ನಡುವೆ ಇತ್ತು.

ಅಂದಿನಿಂದ ಅವಳು ಭಾವನ ಜೊತೆ ಮಾತು ಬಿಟ್ಟಳು. ಅವನೂ ಸಮಜಾಯಿಷಿ ಹೇಳಲು ಬರಲಿಲ್ಲ. ಕಿವಿ ಕೆಟ್ಟಿತೆಂದು ನೆಪ ಹೇಳಿ ಆಳಕ್ಕೆ ಇಳಿಯುವುದನ್ನೇ ನಿಲ್ಲಿಸಿದ. ಎದುರಿಗೆ ಸಿಕ್ಕರೆ ಅವಳು ಸೆರಗು ಎಳೆದುಕೊಂಡು ಬೀದಿಯ ಆಚೆ ಬದಿಗೆ ದಾಟುತ್ತಿದ್ದಳು, ಅವನು ತಲೆ ತಗ್ಗಿಸಿ ನಿಂತುಬಿಡುತ್ತಿದ್ದ.

ಮಕ್ಕಳಿಗೆ ಮಾತ್ರ ಈ ಬೇಲಿ ಹಾಕಲಾಗಲಿಲ್ಲ. ಅವನ ಮಗಳೂ ಇವಳ ಮಗಳೂ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಹಾಸಿಗೆಯಲ್ಲಿ ಉರುಳಿ ಬೆಳೆದರು. ದೊಡ್ಡವಳಾದ ಭಾವನ ಮಗಳು ಅಪ್ಪನ ಕಸುಬು ಹಿಡಿದಾಗ ಚಿಕ್ಕವಳೂ ತಾನು ಅವಳ ಜೋಡಿ ಎಂದು ಪಟ್ಟು ಹಿಡಿದಳು. ಟಾರ್ಪಾಲಕ್ಕ ಬೈದಳು, ಅತ್ತಳು, ಊಟ ಬಿಟ್ಟಳು. ಮಗಳೂ ಊಟ ಬಿಟ್ಟು ಎದುರಿಗೇ ಕೂತಳು. ಸೋತದ್ದು ತಾಯಿಯೇ. ಆದರೆ ಒಂದು ಮಾತು ತೆಗೆದುಕೊಂಡಳು: ಇಬ್ಬರೂ ತಲಾ ಒಂದು ಹೆಚ್ಚುವರಿ ರೆಗ್ಯುಲೇಟರನ್ನು ಎದೆಗೆ ಕಟ್ಟಿಕೊಳ್ಳಬೇಕು, ಅದನ್ನು ತಾನೇ ನಿಂತು ಆರಿಸಬೇಕು.

ಹಾಗೆ ಒಂದು ಬೆಳಿಗ್ಗೆ ತಾಯಿ ಮಗಳು ಮುಳುಗುವವರ ಸಾಮಾನಿನ ಅಂಗಡಿಗೆ ಹೋದರು. ಒಳಗೆ ಹೊಸ ರಬ್ಬರಿನ ವಾಸನೆ. ಗೋಡೆಗೆ ಕಪ್ಪು ಉಡುಪುಗಳು ಸಾಲಾಗಿ ತೂಗುಬಿದ್ದಿದ್ದವು. ಅವುಗಳತ್ತ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಕೌಂಟರಿನ ಮುಂದೆ ದೊಡ್ಡವಳು ಆಗಲೇ ಬಂದು ನಿಂತಿದ್ದಳು. ಅವಳ ಪಕ್ಕದ ಸ್ಟೂಲಿನಲ್ಲಿ ಭಾವ. ಟಾರ್ಪಾಲಕ್ಕ ಹಿಂದಕ್ಕೆ ತಿರುಗಿದಳು, ಆದರೆ ಮಗಳು ಮೊಣಕೈ ಹಿಡಿದುಕೊಂಡಿದ್ದಳು, ಬಿಡಲಿಲ್ಲ.

ಅಂಗಡಿಯಾಕೆ ಮೂರು ಬಗೆಯ ರೆಗ್ಯುಲೇಟರು ತಂದು ಕೌಂಟರಿನ ಮೇಲಿಟ್ಟಳು. ಮೊದಲನೆಯದು ಪುಟ್ಟದು, ಮುಳುಗುವಾಗ ತೊಡುವ ಜಾಕೆಟ್ಟಿಗೆ ಗಾಳಿ ತುಂಬುವ ಪೈಪಿನಲ್ಲೇ ಕೂರುತ್ತದೆ, ಬೇರೆ ಪೈಪಿನ ರಗಳೆಯೇ ಇಲ್ಲ. ಹುಡುಗಿಯರಿಬ್ಬರ ಕಣ್ಣೂ ಅದರ ಮೇಲೇ. ಎರಡನೆಯದರಲ್ಲಿ ಉಸಿರು ಬಲು ಹಗುರ, ಆದರೆ ತಲೆಕೆಳಗಾಗಿ ಹಿಡಿದರೆ ಬಾಯಿಗೆ ನೀರು ನುಗ್ಗುತ್ತದೆ. ಮೂರನೆಯದು ಅಗಲ ಮುಖದ್ದು, ಕಣ್ಣು ಕುಕ್ಕುವ ಹಳದಿ, ಉದ್ದ ಪೈಪು. ಹೇಗೆ ಹಿಡಿದು ಬಾಯಿಗಿಟ್ಟರೂ ನಡೆಯುತ್ತದೆ.

"ಇದು ಕಟ್ಕೊಂಡವರ ಬಾಯಿಗಲ್ಲ ಅಕ್ಕ, ಪಕ್ಕದಲ್ಲಿರೋರ ಬಾಯಿಗೆ," ಎಂದಳು ಅಂಗಡಿಯಾಕೆ. "ಅದಕ್ಕೇ ಪೈಪು ಉದ್ದ."

ಪುಟ್ಟದನ್ನು ಕೊಂಡರೆ ಆಪತ್ತಿನಲ್ಲಿ ಹೇಗೆ ಎಂದು ಟಾರ್ಪಾಲಕ್ಕ ಕೇಳಿದಳು. ಬಾಯಲ್ಲಿರುವುದನ್ನು ಪಕ್ಕದವಳಿಗೆ ಕೊಟ್ಟು ಪುಟ್ಟದನ್ನು ತಾನು ಕಚ್ಚಿಕೊಳ್ಳಬೇಕು, ಕಲಿತರೆ ಕಷ್ಟವಲ್ಲ, ಎಂದಳು ಅಂಗಡಿಯಾಕೆ. ಬಾಯಲ್ಲಿರುವುದನ್ನು ಕೊಡುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ಟಾರ್ಪಾಲಕ್ಕನ ಮುಖ ಬಿಳಿಚಿಕೊಂಡಿತು. ಹಳದಿಯ ಉದ್ದ ಪೈಪನ್ನು ಕೊನೆಯವರೆಗೂ ಬೆರಳಲ್ಲಿ ಸವರಿದಳು. ಆಮೇಲೆ ತಲೆಯೆತ್ತಿ, ವರ್ಷಗಳ ಮೇಲೆ ಮೊದಲ ಸಲ, ಆ ಮನುಷ್ಯನನ್ನು ಕರೆದಳು.

"ಭಾವ, ಅವತ್ತು ಹೇಗಾಯ್ತು ಅಂತ ನಂಗೆ ತೋರಿಸಿ."

ಅಂಗಡಿಯ ಹಿಂಭಾಗದಲ್ಲಿ ಹೊಸಬರಿಗೆ ಕಲಿಸುವ ಕೊಳವಿತ್ತು. ಅಂಗಡಿಯಾಕೆ ಮೊದಲು ಒಪ್ಪಲಿಲ್ಲ. ಕೊನೆಗೆ ಸೊಂಟದ ಮಟ್ಟದ ನೀರಿನಲ್ಲಿ ಮಾತ್ರ, ತಾನು ಪಕ್ಕದಲ್ಲೇ ತೋಳು ಹಿಡಿದಿರುತ್ತೇನೆ ಎಂಬ ಕರಾರಿನ ಮೇಲೆ ಬಿಟ್ಟಳು. ಗಂಡ ಹೋದ ಮೇಲೆ ನೀರಿಗೆ ಹೆಬ್ಬೆರಳೂ ಅದ್ದದವಳು ಉಟ್ಟ ಬಟ್ಟೆಯಲ್ಲೇ ಇಳಿದಳು. ನಿಂತುಕೊಂಡು ಉಸಿರಾಡುವುದನ್ನು ಅಂಗಡಿಯಾಕೆ ಕಲಿಸಿದಳು. ಗಾಳಿ ತಣ್ಣಗೆ, ಒಣಗಿದಂತೆ ಗಂಟಲಿಗೆ ಬಂತು. ನೀರಿನ ಕನ್ನಡಕ ಹಾಕಿಕೋ ಎಂದಾಗ ಬೇಡವೆಂದಳು. ಅವತ್ತು ಕೆಸರಿನಲ್ಲಿ ಏನೂ ಕಾಣುತ್ತಿರಲಿಲ್ಲವಂತೆ, ತನಗೂ ಕಾಣುವುದು ಬೇಡ ಎಂದಳು.

ಭಾವ ಸಿಲಿಂಡರು ಹೊತ್ತು ಎದುರು ಮೊಣಕಾಲೂರಿದ. ಇಬ್ಬರೂ ನೀರಿನ ಕೆಳಗೆ ತಲೆ ಇಳಿಸಿದರು. ಅವನು ಎಳೆದು ಕೊಟ್ಟ, ಅವಳು ಎಳೆದು ಕೊಟ್ಟಳು. ಮತ್ತೆ ಅವನು ಎಳೆದ. ಕಣ್ಣು ಮುಚ್ಚಿದ ಕತ್ತಲೆಯಲ್ಲಿ ಕಿವಿಯ ತುಂಬ ಗುಳ್ಳೆಗಳ ಸದ್ದು. ಎದೆಯಲ್ಲಿ ಗಾಳಿ ಮುಗಿದಿತ್ತು. ಕೈ ಚಾಚಿದರೆ ಏನೋ ತಗುಲಿ ಜಾರಿಹೋಯಿತು; ಮತ್ತೆ ಬೀಸಿದಳು, ಅದು ಇನ್ನಷ್ಟು ದೂರ ಹೋಯಿತು. ಅಂಗಡಿಯಾಕೆ ಅವಳನ್ನು ಎತ್ತಿ ನಿಲ್ಲಿಸಿದಾಗ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿತ್ತು.

"ಕೊಟ್ರಾ ನಂಗೆ?"

"ಕೊಟ್ಟೆ ತಾಯಿ. ನೀನು ತಳ್ಳಿಬಿಟ್ಟೆ." ಭಾವ ಕೈಯಲ್ಲಿದ್ದ ರೆಗ್ಯುಲೇಟರನ್ನು ಅವಳತ್ತ ಚಾಚಿ ತೋರಿಸಿದ. "ಅವನೂ ಹೀಗೇ ತಳ್ಳಿದ. ಎರಡು ಸಲ. 'ಅಣ್ಣ, ನೀನೇ ಇಟ್ಕೋ' ಅಂತಿದಾನೆ ಅಂದ್ಕೊಂಡೆ. ಇವತ್ತಿನ ತನಕ ಹಾಗೇ ಅಂದ್ಕೊಂಡಿದೀನಿ."

"ತಳ್ಳಲಿಲ್ಲ ಭಾವ. ನಾನು ಹುಡುಕ್ತಿದ್ದೆ."

ಮಾತು ಬಾಯಿಂದ ಹೊರಟ ಮೇಲೆ ಅದೇನು ಮಾಡಿತೆಂಬುದು ಅವಳಿಗೆ ಕಂಡಿತು. ತಮ್ಮ ಮನಸಾರೆ ಕೊಟ್ಟು ಹೋದ ಎಂಬ ಒಂದೇ ಊರುಗೋಲಿನ ಮೇಲೆ ಆ ಮನುಷ್ಯ ಇಷ್ಟು ಕಾಲ ನಿಂತಿದ್ದ. ಅದನ್ನು ಅವಳು ಕಸಿದುಕೊಂಡಿದ್ದಳು. ತಮ್ಮ ಬದುಕಬೇಕೆಂದೇ ತಡಕಾಡಿದ್ದ.

"ಹುಡುಕ್ತಿದ್ನಾ," ಎಂದ ಭಾವ, ತನಗೆ ತಾನೇ ಎಂಬಂತೆ. ನೀರಿನಲ್ಲೇ ಕುಸಿದು, ಸಣ್ಣ ಮಗುವಿನ ಹಾಗೆ ಮುಖ ಮುಚ್ಚಿಕೊಂಡು ಅತ್ತ. ಅವಳು ಹೋಗಿ ಅವನ ಬೆನ್ನಿನಿಂದ ಸಿಲಿಂಡರಿನ ಪಟ್ಟಿ ಬಿಚ್ಚಿದಳು. ಒದ್ದೆ ಪಟ್ಟಿ ಬಿಗಿದುಕೊಂಡಿತ್ತು. ಗಟ್ಟಿ ಬೆರಳುಗಳಿಗೂ ಬೇಗ ಬಗ್ಗಲಿಲ್ಲ.

"ಕಾಣದೆ ಇದ್ರೆ ಯಾರ ಕೈಯಾದ್ರೂ ಹಾಗೇ ಭಾವ," ಎಂದಳು. "ನಿಮ್ಮದೂ ತಪ್ಪಲ್ಲ. ಅವರದೂ ಅಲ್ಲ."

ಹುಡುಗಿಯರಿಬ್ಬರೂ ಕೊಳದ ಅಂಚಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು.

ಮೂರನೆಯದನ್ನೇ ಕೊಂಡರು, ಎರಡು. ಹುಡುಗಿಯರು ಚಕಾರ ಎತ್ತಲಿಲ್ಲ. ಬಾಯಲ್ಲಿರುವುದು ಬಾಯಲ್ಲೇ ಇರಲಿ, ಎದೆಯ ಮೇಲಿನ ಹಳದಿ ಪಕ್ಕದವಳಿಗೆ, ಎಂದು ಟಾರ್ಪಾಲಕ್ಕ ಹೇಳಿದಳು. ಅದು ತೂಗಾಡಿ ಮರಳು ತುಂಬಿಕೊಳ್ಳದಂತೆ ಗದ್ದದ ಕೆಳಗೆ ಸಿಕ್ಕಿಸುವುದು ಹೇಗೆಂದು ಅಂಗಡಿಯಾಕೆ ತೋರಿಸಿದಳು. ಕಣ್ಣು ಮುಚ್ಚಿ ಒಬ್ಬರದನ್ನೊಬ್ಬರು ಕಿತ್ತುಕೊಳ್ಳುವ ಅಭ್ಯಾಸವನ್ನು ಹುಡುಗಿಯರಿಂದ ಮಧ್ಯಾಹ್ನದವರೆಗೂ ಮಾಡಿಸಿದಳು ತಾಯಿ. ಕೊನೆಕೊನೆಗೆ ಅವರ ಕೈ ತಪ್ಪುತ್ತಿರಲಿಲ್ಲ.

ಮನೆಗೆ ಬಂದು ಬಟ್ಟೆ ಬದಲಿಸಿ, ಮಂಚದ ತುದಿಯಲ್ಲಿ ಕೂತವಳಿಗೆ ಎಂದೂ ಇಲ್ಲದ ಖಾಲಿತನ ಆವರಿಸಿತು. ಇಷ್ಟು ಕಾಲ ಭಾವನ ಮೇಲಿನ ಸಿಟ್ಟು ಗಂಡನಿಗಾಗಿ ಮಾಡುವ ಕೆಲಸವೆಂಬಂತೆ ಅವಳ ಜೊತೆಗಿತ್ತು. ಬೆಳಗಾದರೆ ಎದ್ದು ಅದನ್ನು ಮಾಡಬೇಕಿತ್ತು, ಮಾಡುವಾಗ ಅವನು ಎಲ್ಲೋ ಹತ್ತಿರದಲ್ಲೇ ಇದ್ದಂತೆ ಅನಿಸುತ್ತಿತ್ತು. ಈಗ ಸಿಟ್ಟು ಮಾಡಲು ಯಾರೂ ಉಳಿದಿರಲಿಲ್ಲ. ಗಂಡ ಇಲ್ಲ ಎಂಬುದು ಅಂದು ಮಧ್ಯಾಹ್ನ ಮೊದಲ ಬಾರಿಗೆ ಅವಳಿಗೆ ಪೂರ್ತಿ ಗೊತ್ತಾಯಿತು.

ಮಗಳು ಒಳಗೆ ಬಂದಾಗ ತಾಯಿಯ ಕೂದಲು ಇನ್ನೂ ಒದ್ದೆಯಾಗಿತ್ತು. ಮಗಳು ಟವೆಲು ತಂದು, ಹಿಂದೆ ನಿಂತು, ತಲೆ ಒರೆಸತೊಡಗಿದಳು. ಕೊಳದ ನೀರಿನ ಔಷಧಿ ವಾಸನೆ ಕೋಣೆಯಲ್ಲೆಲ್ಲ ಹರಡಿತು.

"ನಿಮ್ಮಪ್ಪ ಹುಡುಕ್ತಿದ್ರು ಕಣೇ," ಎಂದಳು ತಾಯಿ.

ಮಗಳು ಕೈ ನಿಲ್ಲಿಸದೆ ಒರೆಸುತ್ತಲೇ ಇದ್ದಳು.