ಬೆಂಚಿನ ಮೇಲೆ ಆಡಿದ ಮಾತು

ಇಲಿಂಕಾಗೆ ಕೇಳಲು ತಾಯಿ ಇರಲಿಲ್ಲ. ಅವಳಿಗೆ ಹದಿನೈದು ತುಂಬುವ ಮೊದಲೇ ತೀರಿಕೊಂಡಿದ್ದಳು. ಹಾಗಾಗಿ ಬಸಿರು, ಬಯಕೆ, ಬಾಣಂತನ ಏನೇ ಇದ್ದರೂ ಅವಳು ಕೇಳುತ್ತಿದ್ದದ್ದು ಓರಗಿತ್ತಿ ಮಿರೆಲಾಳನ್ನು. ಮಿರೆಲಾಗೂ ಇದು ಚೊಚ್ಚಲೇ. ಆದರೆ ಎಂಟು ತಿಂಗಳಾಗಿದ್ದರಿಂದ ನಾಲ್ಕು ಹೆತ್ತವಳ ಹಾಗೆ ಮಾತಾಡುತ್ತಿದ್ದಳು. ಇಲಿಂಕಾಗೆ ಐದು.

ಡ್ಯಾನ್ಯೂಬ್ ದಂಡೆಯ ಆ ಊರಿನ ಕ್ಲಿನಿಕ್ಕಿನಲ್ಲಿ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರಮ್ಮ ಆಗಲೇ ವಿವರಿಸಿ ಕಳಿಸಿದ್ದರು. ಊರಲ್ಲಿ ನಾಯಿಕೆಮ್ಮು ಓಡಾಡುತ್ತಿದೆ. ಹುಟ್ಟಿದ ಕೂಸಿಗೆ ಎರಡು ತಿಂಗಳಾಗುವ ತನಕ ಅದರ ಲಸಿಕೆ ಹಾಕುವ ಹಾಗಿಲ್ಲ. ತಾಯಿ ಬಸಿರಿನಲ್ಲೇ ಹಾಕಿಸಿಕೊಂಡರೆ ಅಷ್ಟು ದಿನ ಕೂಸಿಗೆ ಅದೇ ಕಾವಲು. ಮಿರೆಲಾ ಇವತ್ತೇ ಹಾಕಿಸಿಕೊಳ್ಳಲಿ, ಇಲಿಂಕಾ ಏಳು ತಿಂಗಳಿಗೆ ಬರಲಿ. ನರ್ಸು ಮದ್ದು ತರಲು ಒಳಕ್ಕೆ ಹೋಗಿದ್ದಳು.

"ನೀನಾಗಿದ್ರೆ ಹಾಕಿಸ್ಕೋತಿದ್ಯೇನೆ?" ಮಿರೆಲಾ ಕೇಳಿದಳು.

"ನಾನಾ? ಇಲ್ಲಪ್ಪ."

"ಯಾಕೆ?"

"ಹೋದ ಸಲ ಹಲ್ಲು ಕೀಳ್ಸೋವಾಗ ಒಸಡಿಗೆ ಸೂಜಿ ಚುಚ್ಚಿದ್ರಲ್ಲ ಅಕ್ಕ, ವಾರದೊಳಗೆ ಬಸಿರು ಜಾರಿಹೋಯ್ತು. ಮೂರು ತಿಂಗಳದ್ದು."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ರಂತಲ್ಲ ಡಾಕ್ಟ್ರು?"

"ಅವ್ರು ಅಂತಾರೆ. ಹೋಗಿದ್ದು ಅವ್ರ ಹೊಟ್ಟೇದಾ?"

ಮಿರೆಲಾ ಜೋರಾಗಿ ನಕ್ಕಳು. ನಗು ನಿಂತ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಕೈಚೀಲ ಎತ್ತಿಕೊಂಡಳು. "ನಡಿ, ಮುಂದಿನ ವಾರ ಬಂದ್ರಾಯ್ತು" ಎಂದಳು. ಮುಂದಿನ ವಾರ ಅವಳು ಬರಲಿಲ್ಲ.

"ಒಳ್ಳೇದೇ ಆಯ್ತು ಬಿಡು" ಎಂದಳು ಅತ್ತೆ ಫ್ಲೋರಿಕಾ. "ನಾನು ನಾಲ್ಕು ಹೆತ್ತೆ, ಯಾವನಿಗೂ ತೋಳು ಕೊಡ್ಲಿಲ್ಲ."

ಮಿರೆಲಾಗೆ ಹೆಣ್ಣು ಕೂಸು ಹುಟ್ಟಿತು. ಕರಿ ಕೂದಲು, ಉದ್ದ ಬೆರಳು. ಎರಡನೇ ವಾರ ನೆರೆಯ ಹೆಂಗಸರೆಲ್ಲ ಕಡುಬು, ಕೋಳಿ ಸಾರು ಹಿಡಿದುಕೊಂಡು ನೋಡಲು ಬಂದರು. ಕೊನೆಗೆ ಬಂದವಳು ಪರಸ್ಕೀವಾ. ಅವಳು ಆ ಮನೆಯ ನಾಶಾ. ಇಬ್ಬರು ಗಂಡುಮಕ್ಕಳ ಮದುವೆಯಲ್ಲೂ ಮೇಣದ ಬತ್ತಿ ಹಿಡಿದು ನಿಂತ ಧರ್ಮತಾಯಿ. ಮುಂದೆ ಚರ್ಚಿನಲ್ಲಿ ಕೂಸನ್ನು ಎತ್ತಿಕೊಂಡು ಹೆಸರಿಡಿಸಬೇಕಾದವಳೂ ಅವಳೇ. ಅಂಥವಳಿಗೆ ಕೂತುಕೊಳ್ಳಿ ಎನ್ನಬಹುದು, ತಿನ್ನಿ ಎನ್ನಬಹುದು, ಬೇರೇನೂ ಹೇಳುವಂತಿಲ್ಲ.

ಬಾಗಿಲಲ್ಲೇ ಅವಳಿಗೆ ಕೆಮ್ಮು ಹತ್ತಿತು. ಒಂದರ ಹಿಂದೆ ಒಂದು, ಉಸಿರಿಗೆ ಎಡೆಯಿಲ್ಲದಂತೆ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಕೊನೆಗೆ ಗೋಡೆ ಹಿಡಿದು ನಿಂತಳು.

"ಎಷ್ಟು ದಿನದಿಂದ ನಾಶಾ?" ಇಲಿಂಕಾ ಕೇಳಿದಳು.

"ಮೂರು ವಾರ ಆಯ್ತು ಕಣೆ. ಮಿನಿಬಸ್ಸಲ್ಲಿ ಆ ದರಿದ್ರದವನು ಎರಡೂ ಕಡೆ ಕಿಟಕಿ ತೆಗೆದಿದ್ದ. ಎದುರುಗಾಳಿ ಹೊಡೀತು."

ಎಲ್ಲರೂ ತಲೆಯಾಡಿಸಿದರು. ಆ ಊರಲ್ಲಿ ಹಲ್ಲುನೋವು, ಸೊಂಟನೋವು, ಕಿವುಡು ಎಲ್ಲವೂ ಎದುರುಗಾಳಿಯಿಂದಲೇ ಬರುವುದು. ಜುಲೈ ತಿಂಗಳ ಸೆಕೆಯಲ್ಲಿ ಫ್ಲೋರಿಕಾ ಎದ್ದು ಹೋಗಿ ಇದ್ದೊಂದು ಕಿಟಕಿಯನ್ನೂ ಮುಚ್ಚಿದಳು.

ಪರಸ್ಕೀವಾ ತೊಟ್ಟಿಲಿನ ಮೇಲೆ ಬಾಗಿದಳು. "ಅಯ್ಯೋ ನನ್ನ ಬಂಗಾರ, ಏನು ರೂಪ!" ಹೊಗಳಿದ ಮೇಲೆ ಉಗುಳಲೇಬೇಕು. ಉಗುಳದಿದ್ದರೆ ಮನಸ್ಸಲ್ಲಿ ಹೊಟ್ಟೆಕಿಚ್ಚಿದೆ ಎಂದೇ ಅರ್ಥ. "ಥೂ, ಥೂ, ಥೂ, ನನ್ನ ಕಣ್ಣೇ ತಾಗದಿರ್ಲಿ." ಮೂರು ಸಲ, ಕೂಸಿನ ಮುಖದ ಹತ್ತಿರ. ಹುಬ್ಬಿನ ಮೇಲೆ ಬಿದ್ದ ಒಂದು ಹನಿ ಇಲಿಂಕಾಗೆ ಕಂಡಿತು. ಮಿರೆಲಾ ಅದನ್ನು ತುವಾಲಿನ ತುದಿಯಿಂದ ಒರೆಸಿ ನಕ್ಕಳು.

ಇಲಿಂಕಾ ಬಾಯಿ ತೆರೆದಳು. "ನಾಶಾ..." ಎಂದಳು. ಎಲ್ಲರೂ ತಿರುಗಿ ನೋಡಿದರು. "ಕಾಫಿ ಕುಡೀತೀರಾ?" ಎಂದಳು.

ಕೂಸು ಕೆಮ್ಮಲೇ ಇಲ್ಲ. ಅದರಿಂದಲೇ ಯಾರಿಗೂ ತಿಳಿಯಲಿಲ್ಲ. ಮೂಗು ಸೋರುತ್ತಿತ್ತು, ಅಷ್ಟೆ. ಒಂದು ಬೆಳಿಗ್ಗೆ ಹಾಲು ಕುಡಿಯುತ್ತಿದ್ದದ್ದು ನಿಲ್ಲಿಸಿತು. ಉಸಿರೂ ನಿಂತಿತು. ಮುಖ ಪ್ಲಮ್ ಹಣ್ಣಿನ ಬಣ್ಣಕ್ಕೆ ತಿರುಗಿತು. ಮಿರೆಲಾ ಕಿರುಚಿ ತಲೆಕೆಳಗು ಮಾಡಿ ಬೆನ್ನು ತಟ್ಟಿದಾಗ ಮತ್ತೆ ಉಸಿರಾಡಿತು. ಫ್ಲೋರಿಕಾ ಬೆಂಕಿಕಡ್ಡಿ ಗೀರಿ ಗೀರಿ ನೀರಿಗೆ ಹಾಕಿದಳು. ದೃಷ್ಟಿ ತಾಗಿದ್ದರೆ ಕಡ್ಡಿ ಮುಳುಗಬೇಕು. ಮುಳುಗಿದವು. "ದೃಷ್ಟಿಯೇ" ಎಂದಳು. ಆಂಬುಲೆನ್ಸು ಬರುವಷ್ಟರಲ್ಲಿ ಇನ್ನೆರಡು ಸಲ ಹಾಗಾಯಿತು.

ಜಿಲ್ಲಾ ಆಸ್ಪತ್ರೆಯವರು ನಾಯಿಕೆಮ್ಮು ಎಂದರು. ಫ್ಲೋರಿಕಾ ದೃಷ್ಟಿ ಎಂದಳು. ಮಿರೆಲಾಳ ಗಂಡ ಎದುರುಗಾಳಿ ಎಂದ. ಪರಸ್ಕೀವಾಳ ಹೆಸರನ್ನು ಯಾರೂ ಎತ್ತಲಿಲ್ಲ. ಬೆಂಚಿನ ಮೇಲೆ ಆಡಿದ ಮಾತನ್ನೂ ಯಾರೂ ಎತ್ತಲಿಲ್ಲ. ಅದು ಗೊತ್ತಿದ್ದವರು ಇಬ್ಬರೇ. ಮಿರೆಲಾ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಇಲಿಂಕಾ ಕಾದಳು. ಮಿರೆಲಾ ಹೇಳಲಿಲ್ಲ. ಒಂದು ವಾರ ಆಸ್ಪತ್ರೆಯಲ್ಲಿದ್ದು ಕೂಸು ಸತ್ತುಹೋಯಿತು. ಸಾಯುವ ಮೊದಲು, ಹೆಸರಿಲ್ಲದೆ ಹೋಗಬಾರದೆಂದು, ನರ್ಸೊಬ್ಬಳು ನಲ್ಲಿ ನೀರು ಚಿಮುಕಿಸಿ ಸಿಂಜಿಯಾನಾ ಎಂದು ಹೆಸರಿಟ್ಟಿದ್ದಳಂತೆ.

ಇಲಿಂಕಾಗೆ ಏಳು ತುಂಬುತ್ತ ಬಂದಿತ್ತು. ಹೊಟ್ಟೆಯೊಳಗಿನದು ಒದ್ದಾಗಲೆಲ್ಲ ಅವಳಿಗೆ ಬೆವರು ಬರುತ್ತಿತ್ತು. ಸೂಜಿ ಎಂದರೆ ಹೋದ ಸಲದ ರಕ್ತ ಕಣ್ಣಿಗೆ ಕಟ್ಟುತ್ತಿತ್ತು. ಬೇಡ ಎಂದರೆ ಪ್ಲಮ್ ಬಣ್ಣದ ಮುಖ. ಗಂಡ ಒವಿದಿಯುವನ್ನು ಕೇಳಿದಳು.

"ನಾನೇನು ಹೇಳ್ಲೇ? ಹೊಟ್ಟೆ ನಿಂದು."

"ಮಗು?"

ಅವನು ಬೂಟಿನ ದಾರ ಕಟ್ಟುತ್ತಲೇ ಇದ್ದ.

ಮಣ್ಣು ಮಾಡಿದ ವಾರದಲ್ಲೇ ಅವಳು ಯಾರಿಗೂ ಹೇಳದೆ ಕ್ಲಿನಿಕ್ಕಿಗೆ ಹೋದಳು. "ನನ್ನ ಮಗೂಗೆ ಏನೂ ಆಗಲ್ಲ ಅಂತ ಆಣೆ ಮಾಡಿ ಹೇಳಿ" ಎಂದಳು.

"ಆಣೆ ಮಾಡೋ ಡಾಕ್ಟ್ರನ್ನ ನಂಬಬೇಡ" ಎಂದರು ಡಾಕ್ಟರಮ್ಮ. "ತುಂಬಾ ಬಸುರಿಯರಿಗೆ ಹಾಕಿದೀವಿ. ತೋಳು ನೋಯುತ್ತೆ, ಒಂದೊಂದ್ಸಲ ಮೈ ಬೆಚ್ಚಗಾಗುತ್ತೆ. ಇದರಿಂದ ಬಸಿರು ಹೋಗಲ್ಲ. ನಿನ್ನ ಹೋದ ಸಲದ್ದೂ ಆ ಸೂಜಿಯಿಂದ ಹೋಗಿದ್ದಲ್ಲ. ಆಗ್ಲೂ ಹೇಳಿದ್ದೆ."

"ಹೇಳಿದ್ರಿ."

ಅವಳು ಗೋಡೆಯ ಕಡೆ ಮುಖ ತಿರುಗಿಸಿ ತೋಳು ಕೊಟ್ಟಳು. ಸೂಜಿ ಒಳಗೆ ಹೋದದ್ದು, ಹೊರಗೆ ಬಂದದ್ದು ತಿಳಿಯಿತು. ಆಮೇಲೆ ಕೂತಿರು ಎಂದರು. ಅದೇ ಬೆಂಚು. ಹೊಟ್ಟೆ ಅಲ್ಲಾಡಲಿಲ್ಲ. ಅವಳು ಎರಡೂ ಕೈಯಿಂದ ಒತ್ತಿದಳು. ಅಲ್ಲಾಡಲಿಲ್ಲ. ಬಾಗಿಲು ಬಡಿಯಲೆಂದು ಎದ್ದಾಗ ಪಕ್ಕೆಗೆ ಒಂದು ಒದೆ ಬಿತ್ತು. ಅವಳು ಕೂತಳು.

ಮನೆಗೆ ಬಂದಾಗ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಮಿರೆಲಾ ಒಬ್ಬಳೇ ಇದ್ದಳು. ಹಾಲು ಇನ್ನೂ ಬತ್ತಿರಲಿಲ್ಲ, ರವಿಕೆ ಒದ್ದೆಯಾಗಿತ್ತು.

"ಎಲ್ಲಿಗೆ ಹೋಗಿದ್ದೆ?"

ಇಲಿಂಕಾ ಅಂಗಿಯ ತೋಳನ್ನು ಕೆಳಕ್ಕೆ ಎಳೆದುಕೊಂಡಳು.

"ತೋಳು ತೋರ್ಸು."

ಇಲಿಂಕಾ ಅಂಗಿಯ ತೋಳು ಮೇಲಕ್ಕೆ ಸರಿಸಿದಳು. ಮಿರೆಲಾ ಪಟ್ಟಿಯ ಅಂಚನ್ನು ಉಗುರಿನಿಂದ ಎತ್ತಿ ಚುಚ್ಚಿದ ಜಾಗ ನೋಡಿದಳು. ಕೆಂಪು ಚುಕ್ಕೆ.

"ನೋಯ್ತಾ?"

"ಸ್ವಲ್ಪ, ಅಕ್ಕ."

"ಇಷ್ಟೇನಾ?"

ಪಟ್ಟಿಯನ್ನು ಮತ್ತೆ ಅಂಟಿಸಿ ಒಳಗೆ ಹೋದಳು. ಮಾರನೆಯ ದಿನ ಪೆಟ್ಟಿಗೆ ತುಂಬಿಕೊಂಡು ತವರಿಗೆ ಹೊರಟಳು. ಮತ್ತೆ ಬರಲಿಲ್ಲ.

ಆ ಬೇಸಿಗೆಯಲ್ಲಿ ಆ ಮನೆಯಿಂದ ಹೋದವರು ಇಬ್ಬರು: ತಿಂಗಳು ತುಂಬುತ್ತಿದ್ದ ಒಂದು ಹೆಣ್ಣು ಕೂಸು, ಅದರ ತಾಯಿ.