ಬಾರದವರ ಲೆಕ್ಕ

ಎದುರು ಸೀಟಿನ ಅಜ್ಜಿಯ ಚೀಲದಿಂದ ಸೊಪ್ಪು ಹೊರಗೆ ಇಣುಕುತ್ತಿದೆ, ಕಾಂಗ್‌ಕಾಂಗ್ ಇರಬೇಕು, ದಂಟು ಟೊಳ್ಳು, ಎಲೆ ಉದ್ದ — ಇದರಲ್ಲೂ ಮಸ್ಸೊಪ್ಪು ಮಾಡಬಹುದು ಕಣೇ, ಬೇಳೆ ಸ್ವಲ್ಪ ಜಾಸ್ತಿ ಹಾಕು ಅಷ್ಟೇ, ಎಂದು ಹೇಳಿಕೊಟ್ಟವಳು ರೇಣುಕಾ, ನಾನು ದೇಶ ಬಿಟ್ಟು ಈ ಊರಿಗೆ ಬಂದ ಮೊದಲ ವರ್ಷ, ಮಾರ್ಕೆಟ್ಟಿನಲ್ಲಿ ಹರಿವೆ ಹುಡುಕುತ್ತಾ ಅಳುಮುಖ ಮಾಡಿಕೊಂಡು ನಿಂತಿದ್ದಾಗ ಗುರುತಿಲ್ಲ ಪರಿಚಯವಿಲ್ಲ, ಹಿಂದಿನಿಂದ ಬಂದು ಮಾತಾಡಿಸಿದವಳು, ನೀವು ಕನ್ನಡದವರೇ ಅಲ್ವಾ, ಫೋನಲ್ಲಿ ಅಮ್ಮನ ಹತ್ರ ಗೊಣಗ್ತಿದ್ದಿದ್ದು ಕೇಳಿಸ್ತು, ಅವತ್ತಿನಿಂದ ನನ್ನ ಮನೆಯ ಸಾಸಿವೆ ಡಬ್ಬಿ ಎಲ್ಲಿದೆ ಎಂದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು, ಮತ್ತು ಇವತ್ತು ಅವಳು ಕಲ್ಲಾಂಗ್‌ನ ಬಾಡಿಗೆ ಹಾಲ್‌ನಲ್ಲಿ ನಮ್ಮ ಸಂಘದ ಅಧ್ಯಕ್ಷತೆಗೆ ಅಭ್ಯರ್ಥಿಯಾಗಿ ಕೂತಿದ್ದಾಳೆ, ನಾನು ಇಲ್ಲಿ ಎಂಆರ್‌ಟಿ ರೈಲಿನಲ್ಲಿ ಕೂತು ಯಾರದೋ ಸೊಪ್ಪು ನೋಡುತ್ತಿದ್ದೇನೆ. ಐದಕ್ಕೆ ಮತದಾನ ಮುಗಿಯುತ್ತದೆ. ಈಗ ನಾಲ್ಕೂವರೆ. ಇದೇ ರೈಲು ಕಲ್ಲಾಂಗ್‌ನಲ್ಲಿ ನಿಂತು ಆಮೇಲೆ ನಮ್ಮ ಮನೆಯಿರುವ ಬೆಡೋಕ್‌ಗೆ ಹೋಗುತ್ತದೆ. ನಡುವೆ ಇಳಿಯಬಹುದು, ಇಳಿಯದೆಯೂ ಇರಬಹುದು.

ಶನಿವಾರ ಒನ್-ನಾರ್ತ್‌ನ ಆಫೀಸಿಗೆ ಯಾರಾದರೂ ಹೋಗುತ್ತಾರೆಯೇ, ಲಿಫ್ಟ್ ಹತ್ತಿರದ ಸೆಕ್ಯುರಿಟಿಯವನೂ ಅಯ್ಯೋ ಪಾಪ ಎನ್ನುವ ಹಾಗೆ ನೋಡಿದ, ಡೆಡ್‌ಲೈನ್ ಇದೆ ಎಂದು ಮನೆಯಲ್ಲಿ ಹೇಳಿ ಹೊರಟಿದ್ದೆ, ಡೆಡ್‌ಲೈನ್ ಇರುವುದು ನಿಜ, ಅದು ಮುಂದಿನ ತಿಂಗಳು ಎನ್ನುವುದೂ ನಿಜ. ಬೆಳಗಿನಿಂದ ಪರದೆಯ ಮೇಲೆ ಅಮೆರಿಕದ ರಾಜ್ಯಗಳು, ಪಕ್ಷದೊಳಗೆ ಯಾರು ಅಭ್ಯರ್ಥಿಯಾಗಬೇಕೆಂದು ಆರಿಸುವ ಅವರ ಪ್ರೈಮರಿ ಚುನಾವಣೆಗಳು, ಒಂದು ಕಡೆ ಜನ ಚಳಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ, ಇನ್ನೊಂದು ಕಡೆ ಮತಗಟ್ಟೆಯವರು ನೊಣ ಹೊಡೆಯುತ್ತಾ ಕೂರುತ್ತಾರೆ, ಯಾಕೆ, ಇಷ್ಟೇ ನನ್ನ ಸಂಶೋಧನೆಯ ಪ್ರಶ್ನೆ, ಇದೇ ನನ್ನ ಸಂಬಳ, ಉತ್ತರವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ — ಮೊದಮೊದಲು ಮತ ಹಾಕುವ ರಾಜ್ಯಗಳಲ್ಲಿ ಜನ ಹೆಚ್ಚು, ಗೆಲ್ಲುವವರು ಯಾರೆಂದು ಗೊತ್ತಾಗಿಬಿಟ್ಟ ಮೇಲೆ ಕಡಿಮೆ, ಪಕ್ಷಕ್ಕೆ ಹೆಸರು ಕೊಟ್ಟವರಿಗೆ ಮಾತ್ರ ಬಾಗಿಲು ತೆರೆದರೆ ಇನ್ನೂ ಕಡಿಮೆ, ಪೈಪೋಟಿ ಬಿಗಿಯಾದಷ್ಟೂ ಜನ ಜಾಸ್ತಿ, ಮನುಷ್ಯರಲ್ಲವೇ, ತನ್ನ ಒಂದು ಮತದಿಂದ ಏನಾದರೂ ಆಗುತ್ತದೆ ಅನಿಸಿದರೆ ಎದ್ದು ಹೋಗುತ್ತಾರೆ. ಸಭೆಗಳಲ್ಲಿ ಇದನ್ನು ಎಷ್ಟು ಧೈರ್ಯವಾಗಿ ಹೇಳುತ್ತೇನೆ. ರೈಲು ಕ್ವೀನ್ಸ್‌ಟೌನ್ ದಾಟಿತು, ಅಜ್ಜಿ ತೂಕಡಿಸುತ್ತಿದ್ದಾಳೆ.

ನಮ್ಮ ಕನ್ನಡದವರ ಸಂಘ ಮಾತ್ರ ಪೂರ್ತಿ ತಲೆಕೆಳಗು. ನಮ್ಮಲ್ಲೂ ಒಂದು ಪ್ರೈಮರಿ ಇದೆ, ನಾವು ಮೊದಲ ಸುತ್ತು ಅನ್ನುತ್ತೇವೆ, ಅದರಲ್ಲಿ ಗೆದ್ದವರ ಹೆಸರನ್ನು ಆಮೇಲೆ ಮಹಾಸಭೆಯಲ್ಲಿ ಓದುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಅಧ್ಯಕ್ಷರಾಯಿತು, ಊಟಕ್ಕೆ ಏಳಿ. ಒಬ್ಬರೇ ನಿಂತ ವರ್ಷ ಹಾಲ್ ತುಂಬಿರುತ್ತದೆ, ಮಕ್ಕಳುಮರಿ ಸಮೇತ ಬಂದು, ಆರಿಸಲು ಏನೂ ಇಲ್ಲದಿದ್ದರೂ ನಗುನಗುತ್ತಾ ಚೀಟಿ ಹಾಕಿ, ಬಿಸಿಬೇಳೆಬಾತ್ ತಿಂದು ಹೋಗುತ್ತಾರೆ. ಇಬ್ಬರು ನಿಂತರೋ ಮುಗಿಯಿತು, ಒಬ್ಬರ ಮಗನಿಗೆ ಟ್ಯೂಷನ್, ಇನ್ನೊಬ್ಬರಿಗೆ ಸೊಂಟ ನೋವು, ಮತ್ತೊಬ್ಬರು ಸರಿಯಾಗಿ ಅದೇ ಶನಿವಾರ ಗಡಿ ದಾಟಿ ಜೊಹೊರ್‌ಗೆ ಸಾಮಾನು ತರಲು ಹೋಗಿರುತ್ತಾರೆ, ಪೈಪೋಟಿ ಬಿಗಿಯಾದಷ್ಟೂ ಜನ ಮಾಯ, ಅದೂ ಇಬ್ಬರಿಗೂ ಬೇಕಾದವರೇ ಮೊದಲು ಮಾಯ. ದಾಕ್ಷಿಣ್ಯ. ಅವರಿಗೆ ಹಾಕಿದರೆ ಇವರ ಮನೆ ಗೌರಿಗೆ ಯಾವ ಮುಖ ಹೊತ್ತು ಹೋಗುವುದು, ಚೀಟಿ ಗುಟ್ಟಾದರೇನು, ಎದುರಿಗೆ ಬಂದಾಗ ನಮ್ಮ ಮುಖವೇ ಹೇಳಿಬಿಡುತ್ತದಲ್ಲ. ನನ್ನ ಗಂಡ ಪ್ರತಾಪ್ ನಿನ್ನೆ ರಾತ್ರಿ ಚಪಾತಿ ಮುರಿಯುತ್ತಾ ಹೇಳಿದ್ದೂ ಅದೇ, ಇಬ್ರೂ ನಮ್ಮೋರೇ ಕಣೆ, ನಾವು ಹೋಗ್ದೇ ಇದ್ರೆ ಯಾರಿಗೂ ಬೇಜಾರಾಗಲ್ಲ, ಸುಮ್ನೆ ನ್ಯೂಟ್ರಲ್ ಆಗಿರೋಣ. ಮಗಳು ಆಶ್ರಿತಾ ಮೊಬೈಲಿನಿಂದ ತಲೆ ಎತ್ತದೆ, ಅಪ್ಪಾ, ಒಂದು ವೋಟ್ ಹಾಕೋಕೆ ಇಷ್ಟು ಡ್ರಾಮಾ ಯಾಕೆ ಲಾ, ಈ ಊರಿನವರ ಹಾಗೆ ಕೊನೆಗೊಂದು ಲಾ ಸೇರಿಸಿ ಅಂದಳು. ನಾನು ಪಲ್ಯ ಬಡಿಸಿದೆ.

ಸುರಂಗಕ್ಕೆ ಇಳಿಯಿತು ರೈಲು, ಕಿಟಕಿಯಲ್ಲಿ ಈಗ ನನ್ನದೇ ಮುಖ, ಕಣ್ಣ ಕೆಳಗೆ ಕಪ್ಪು, ಅನಂತರಾಮ್ ಅಂಕಲ್ ನೋಡಿದ್ದರೆ ಏನಮ್ಮಾ ನಿದ್ದೆ ಮಾಡಲ್ವಾ ಎನ್ನುತ್ತಿದ್ದರು. ರೇಣುಕಾಳ ಎದುರು ನಿಂತಿರುವವರು ಅವರು. ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು, ಆದರೆ ಬ್ಯಾಂಕಿನಿಂದ ನಿವೃತ್ತರಾದ ಈ ಮನುಷ್ಯ, ಕೈಕೂಸನ್ನು ಎತ್ತಿಕೊಂಡು ಬಂದಿಳಿದ ನಮಗೆ ಬಾಡಿಗೆ ಮನೆ ಸಿಗುವವರೆಗೆ ತನ್ನ ಮನೆಯ ಒಂದೇ ಮಲಗುವ ಕೋಣೆಯನ್ನು ಬಿಟ್ಟುಕೊಟ್ಟು, ತಾನು ಸೋಫಾದ ಮೇಲೆ ಕಾಲು ಮಡಚಿ ಮಲಗಿದವರು, ಆಶ್ರಿತಾಳಿಗೆ ಜ್ವರ ಬಂದಾಗ ಪ್ರತಾಪ್‌ಗಿಂತ ಮೊದಲು ಟ್ಯಾಕ್ಸಿ ಹಿಡಿದವರು, ಮೂರು ಸಲ ಅಧ್ಯಕ್ಷರಾಗಿದ್ದಾರೆ, ಈ ಸಲವೂ ನೀವೇ ನಿಲ್ಲಿ ಎಂದು ಯಾರೋ ನಾಲ್ಕು ಜನ ದುಂಬಾಲು ಬಿದ್ದರಂತೆ, ಒಲ್ಲೆ ಎನ್ನಲು ಅವರಿಗೂ ದಾಕ್ಷಿಣ್ಯ. ಅವರಿಗೆ ಅಧ್ಯಕ್ಷಗಿರಿ ಬೇಕಿಲ್ಲ. ರೇಣುಕಾಳಿಗೆ ಬೇಕು, ತುಂಬಾ ಬೇಕು, ಯಾಕೆ ಬೇಕು ಎಂದು ಅವಳು ಹೇಳಿದ್ದು ನನ್ನೊಬ್ಬಳಿಗೇ.

ಅವಳ ಗಂಡ ವಾಸು ಹೋಗಿ ಎರಡು ವರ್ಷ. ಕಳೆದ ರಾಜ್ಯೋತ್ಸವದ ದಿನ ದೀಪದ ಕಂಬವನ್ನು ಉಜ್ಜಿ, ಬತ್ತಿ ಹೊಸೆದು, ಎಣ್ಣೆ ಹಾಕಿ ಸಿದ್ಧ ಮಾಡಿದ್ದು ಅವಳೇ, ಆಮೇಲೆ ಮೈಕಿನಲ್ಲಿ ಮುತ್ತೈದೆಯರು ಬಂದು ದೀಪ ಹಚ್ಚಬೇಕು ಎಂದಾಗ, ಯಾರೂ ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಅಭ್ಯಾಸವಾದ ಮಾತು, ಅವಳು ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು, ನಾನು ನೋಡಿದೆ, ನೋಡಿಯೂ ಮುಂದೆ ಹೋಗಿ ದೀಪ ಹಚ್ಚಿದೆ, ಫೋಟೋಕ್ಕೆ ನಕ್ಕೆ. ವಾರದ ನಂತರ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ಜಾಗದ ಕಲ್ಲುಬೆಂಚಿನ ಮೇಲೆ ಕೂತು ಅವಳು ಕೇಳಿದಳು, ಮೀರಾ, ಮೊದಲ್ನೇ ಬತ್ತಿ ಅಧ್ಯಕ್ಷರೇ ಹಚ್ಚೋದು ಅಂತ ನಮ್ಮಲ್ಲಿ ರೂಲ್ ಇದೆ ಅಲ್ವಾ, ನಾನು ಅಧ್ಯಕ್ಷೆ ಆದ್ರೆ ಯಾರೂ ಏನೂ ಹೇಳೋ ಹಾಗಿಲ್ಲ ಅಲ್ವಾ. ಇಲ್ಲ ಕಣೇ, ಯಾರು ಏನು ಹೇಳ್ತಾರೆ, ಎಂದೆ. ಅವಳು ನಕ್ಕಳು, ಎಷ್ಟೋ ತಿಂಗಳ ಮೇಲೆ ನಕ್ಕಿದ್ದು. ನಿಂತ ಮೇಲೆ ಮಾತ್ರ ನನ್ನನ್ನು ಒಂದು ಸಲವೂ ವೋಟು ಕೇಳಲಿಲ್ಲ, ನೀನು ಬರಲೇಬೇಕು ಅಂತೇನಿಲ್ಲ ಕಣೇ, ನಿಂಗೆ ಅಂಕಲ್ ಕಂಡ್ರೆ ಎಷ್ಟು ಇಷ್ಟ ಅಂತ ನಂಗೊತ್ತಿಲ್ವಾ, ಅಂದಳು, ಅಷ್ಟೇ. ತಂಜಾಂಗ್ ಪಗಾರ್‌ನಲ್ಲಿ ಟೈ ಸಡಿಲಿಸಿಕೊಂಡ ಹುಡುಗರ ಗುಂಪೊಂದು ಹತ್ತಿತು, ಶನಿವಾರವೂ ಬಿಡುವಿಲ್ಲ ಇವರಿಗೆ, ಅಜ್ಜಿ ಕಣ್ಣು ಬಿಟ್ಟು ಸೊಪ್ಪಿನ ಚೀಲವನ್ನು ಕಾಲ ಹತ್ತಿರ ಎಳೆದುಕೊಂಡಳು.

ಲ್ಯಾವೆಂಡರ್ ಆದಮೇಲೆ ರೈಲು ಮೇಲಕ್ಕೇರಿ ಬೆಳಕಿಗೆ ಬಂತು, ಕಣ್ಣು ಕುಕ್ಕಿತು, ನೀರು, ಸ್ಟೇಡಿಯಮ್ಮಿನ ಬಿಳಿ ಗುಮ್ಮಟ, ಕಲ್ಲಾಂಗ್ ಎಂದು ತಮಿಳಿನಲ್ಲೂ ಹೇಳಿದರು, ಬಾಗಿಲು ತೆರೆಯಿತು, ಏಳಬೇಕು ಅಂದುಕೊಂಡೆ, ಏಳಲಿಲ್ಲ, ಬಾಗಿಲು ಮುಚ್ಚಿತು. ಆಯಿತಲ್ಲ, ನ್ಯೂಟ್ರಲ್. ಇಬ್ಬರಿಗೂ ನೋವಿಲ್ಲ. ನನ್ನ ಅಂಕಿಅಂಶದಲ್ಲಿ ಇಂಥವರಿಗೆ ಒಂದೇ ಹೆಸರು, ಬಾರದವರು, ಕಾಯಿಲೆಯಿಂದ ಬಾರದವನು, ಸೋಮಾರಿತನದಿಂದ ಬಾರದವನು, ಸಿಟ್ಟಿನಿಂದ ಬಾರದವನು, ಎಲ್ಲರೂ ಒಂದೇ ಕಾಲಂನಲ್ಲಿ, ಬೇರೆ ಮಾಡಲು ದಾರಿಯೇ ಇಲ್ಲ, ಪ್ರತಿ ಲೇಖನದ ಕೊನೆಯಲ್ಲಿ ಇದು ನಮ್ಮ ಅಧ್ಯಯನದ ಮಿತಿ ಎಂದು ಬರೆದು ಕೈ ತೊಳೆದುಕೊಳ್ಳುತ್ತೇನೆ — ಅಯ್ಯೋ ದೇವರೇ, ಅವಳು ಅಲ್ಲಿ ಕೂತು ಬಾಗಿಲು ನೋಡುತ್ತಿದ್ದಾಳೆ, ಖಾಲಿ ಕುರ್ಚಿಗಳು ಕಾಣುತ್ತಿವೆ, ಯಾವ ಕುರ್ಚಿ ದಾಕ್ಷಿಣ್ಯದಿಂದ ಖಾಲಿ, ಯಾವುದು ಗಂಡ ಸತ್ತವಳು ದೀಪ ಹಚ್ಚುವುದು ಬೇಡ ಎಂದು ಖಾಲಿ, ಅವಳಿಗೆ ಹೇಗೆ ಗೊತ್ತಾಗಬೇಕು, ನನ್ನ ಕುರ್ಚಿಯೂ ಆ ಸಾಲಿನಲ್ಲೇ ಇದೆ, ಪ್ರೀತಿಯಿಂದ ಹೋಗದವಳೂ ಅಸಹ್ಯಪಟ್ಟು ಹೋಗದವಳೂ ಅಲ್ಲಿಂದ ನೋಡಿದರೆ ಒಂದೇ ಥರ, ಅಂಕಲ್‌ಗೆ ನನ್ನ ಮತ ಬೇಕೇ ಇರಲಿಲ್ಲ, ಬೇಕಿದ್ದದ್ದು ಇವಳಿಗೆ, ನನಗೆ ಇಷ್ಟು ಓದಿಯೂ ಇದು ಹೊಳೆಯಲಿಲ್ಲ, ಆಲ್ಜುನೀಡ್ ಹೋಯಿತು, ಜನರನ್ನು ತಳ್ಳಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಮುಚ್ಚಿಬಿಟ್ಟಿತು, ಪಾಯಾ ಲೇಬಾರ್‌ನಲ್ಲಿ ಇಳಿದೆ, ಎದುರು ಪ್ಲಾಟ್‌ಫಾರ್ಮಿಗೆ ಓಡಿದೆ, ಸಾರಿ ಸಾರಿ ಎನ್ನುತ್ತಾ ಯಾರದೋ ಕಾಲು ತುಳಿದೆ, ರೈಲು ಬರಲು ಮೂರು ನಿಮಿಷ ಎಂದು ಬೋರ್ಡು, ಮೂರು ನಿಮಿಷ ಇಷ್ಟು ಉದ್ದ ಇರುತ್ತದೆಯೇ.

ಓಡಬೇಡ, ಬಿದ್ದೀಯ, ಐವತ್ತು ಹತ್ತಿರ ಬಂತು ನಿನಗೆ, ಸಿಗ್ನಲ್ ಕೆಂಪು, ಈ ಊರಿನಲ್ಲಿ ಕೆಂಪಿಗೆ ದಾಟುವ ಹಾಗಿಲ್ಲ, ದಾಟಿದೆ. ಹಾಲ್‌ನ ಬಾಗಿಲಲ್ಲಿ ಅಂಕಲ್ ಪ್ಲಾಸ್ಟಿಕ್ ಕುರ್ಚಿ ಒಂದರ ಮೇಲೊಂದು ಪೇರಿಸುತ್ತಿದ್ದಾರೆ. ಮುಗಿದಿದೆ. ನನ್ನನ್ನು ನೋಡಿ ಹತ್ತಿರ ಬಂದು ದನಿ ತಗ್ಗಿಸಿ, ಹನ್ನೊಂದು ಒಂಬತ್ತು ಕಣಮ್ಮಾ, ಇನ್ನೂರು ಜನ ಮೆಂಬರ್ಸ್ ಇಟ್ಕೊಂಡು ಇಪ್ಪತ್ತೇ ಜನ ಬಂದಿದ್ದು, ನಾನೂ ಅವಳಿಗೇ ಹಾಕ್ದೆ, ಆದ್ರೂ ಗೆದ್ದುಬಿಟ್ಟೆ ನೋಡು, ಮೊದಲೇ ಹಿಂದೆ ಸರಿದ್ರೆ ಪಾಪ ಅಂತ ಬಿಟ್ಟುಕೊಟ್ರು ಅನ್ಕೋತಾಳೆ ಅಂತ ಸುಮ್ನಿದ್ದೆ, ಇನ್ನಿಬ್ರು ಬಂದಿದ್ರೆ ಸಾಕಿತ್ತು, ಸಮ ಆದ್ರೆ ಹಿರಿಯ ನಾನು ಅಂತ ಹೇಳಿ ಅವಳಿಗೇ ಬಿಡ್ತಿದ್ದೆ, ಅವಳಿಗೆ ಇದೆಲ್ಲ ಹೇಳ್ಬೇಡ ಆಯ್ತಾ. ಇನ್ನಿಬ್ಬರು. ಒಬ್ಬ ಈಗ ಮನೆಯಲ್ಲಿ ಟಿವಿ ನೋಡುತ್ತಾ ನ್ಯೂಟ್ರಲ್ ಆಗಿದ್ದಾನೆ, ಇನ್ನೊಬ್ಬಳು ಇಲ್ಲಿ ಏದುಸಿರು ಬಿಡುತ್ತಾ ನಿಂತಿದ್ದಾಳೆ. ಅಂಕಲ್ ಮತ್ತೆ ಕುರ್ಚಿಯ ಕಡೆ ಹೋದರು.

ರೇಣುಕಾ ಒಳಗೆ ಗೋಡೆ ಬದಿಯ ಬೆಂಚಿನ ಮೇಲಿದ್ದಾಳೆ, ನೀಲಿ ಸೀರೆ, ಅಳುತ್ತಿಲ್ಲ, ನಾನು ಅಳುತ್ತಿರುತ್ತಾಳೆ ಅಂದುಕೊಂಡಿದ್ದೆ, ನನ್ನನ್ನು ಕಂಡ ಕೂಡಲೇ ಪಕ್ಕಕ್ಕೆ ಸರಿದು ಜಾಗ ಮಾಡಿದಳು, ಬಾ ಬಾ, ನನ್ನ ಕರ್ಕೊಂಡು ಹೋಗೋಕೆ ಓಡಿ ಬಂದ್ಯಾ, ಸೋತೆ ಕಣೇ, ಪರ್ವಾಗಿಲ್ಲ ಬಿಡು. ಹೇಳಬೇಕು, ಈಗಲೇ ಹೇಳಿಬಿಡಬೇಕು, ಬಾಯಿ ತೆರೆದೆ, ಅವಳು ನನ್ನ ಕೈ ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು, ಜನ ಬರ್ಲಿಲ್ಲ ಅಂತ ಬೇಜಾರಾಯ್ತು ನಿಜ, ಆಮೇಲೆ ಕೂತು ಲೆಕ್ಕ ಹಾಕ್ದೆ, ಬಂದೋರಲ್ಲಿ ಯಾರು ಯಾರು ನಂಗೆ ಹಾಕಿರ್ತಾರೆ ಅಂತ, ಒಂಬತ್ತೂ ಸಿಕ್ಬಿಟ್ರು, ನೋಡು, ಎಂದು ಇನ್ನೊಂದು ಕೈ ಎತ್ತಿದಳು, ಹೆಬ್ಬೆರಳು ಕಿರುಬೆರಳಿನ ಗೆಣ್ಣಿನಿಂದ ಶುರುವಾಯಿತು, ಇದು ಮೈತ್ರೇಯಿ, ಇದು ಅವಳ ಗಂಡ, ಇದು ಲಿಟಲ್ ಇಂಡಿಯಾ ಆಂಟಿ, ಗೆಣ್ಣಿನಿಂದ ಗೆಣ್ಣಿಗೆ ಒಂದೊಂದೇ ಹೆಸರು, ಉಂಗುರದ ಬೆರಳು ಮುಗಿದು ನಡುಬೆರಳು, ತುದಿಗೆ ಬಂದು ನಿಂತಿತು, ಇದು ನೀನು. ವೋಟಿಂಗ್ ಹತ್ತಕ್ಕೇ ಶುರುವಾಗಿತ್ತು, ನಾನು ಬರೋ ಹೊತ್ತಿಗೆ ಹನ್ನೊಂದು ಗಂಟೆ ಆಯ್ತು, ಮೀರಾ ಆಫೀಸಿಗೆ ಹೋದ್ಲು ಅಂತ ಪ್ರತಾಪ್ ಫೋನಲ್ಲಿ ಹೇಳಿದ್ರು, ಬೆಳಿಗ್ಗೆನೇ ಯಾರಿಗೂ ಕಾಣದ ಹಾಗೆ ಬಂದು ಹಾಕಿ ಹೋಗಿರ್ತಾಳೆ ಅಂತ ಗೊತ್ತಾಯ್ತು, ಅಂಕಲ್ ಎದುರು ಹೇಗೆ ಹಾಕ್ತಾಳೆ ಪಾಪ, ಎಲ್ರೂ ಬರ್ದೇ ಇದ್ರೂ ನೀನು ಬಂದ್ಯಲ್ಲ, ನಂಗೆ ಅಷ್ಟು ಸಾಕು. ಅಲ್ಲ ರೇಣುಕಾ, ಅದು ನಾನಲ್ಲ, ಅದು ಹೊರಗೆ ಕುರ್ಚಿ ಪೇರಿಸುತ್ತಿರುವವರು, ನಾನು ಸೀಟಿನಿಂದ ಏಳಲಿಲ್ಲ, ಬಾಗಿಲು ತೆರೆದಿತ್ತು, ಏಳಲಿಲ್ಲ — ಇಷ್ಟೂ ಹೇಳಲು ಅವಳತ್ತ ತಿರುಗಿದ್ದೇನೆ, ಅವಳು ಕೈ ಇಳಿಸುತ್ತಿಲ್ಲ, ಹೆಬ್ಬೆರಳು ಆ ಗೆಣ್ಣನ್ನು ಬಿಡುತ್ತಿಲ್ಲ, ಜಾರಿಹೋದೀತು ಎನ್ನುವ ಹಾಗೆ ಒತ್ತಿ ಹಿಡಿದಿದ್ದಾಳೆ, ಒತ್ತಿದ ಕಡೆ ಚರ್ಮ ಬೆಳ್ಳಗಾಗಿದೆ, ಹೇಳಬೇಕು, ಆ ಗೆಣ್ಣು, ಹೇಳಿದರೆ ಆ ಹೆಬ್ಬೆರಳು ಎಲ್ಲಿಗೆ ಹೋಗುತ್ತದೆ, ಒತ್ತಿ ಹಿಡಿದ ಹೆಬ್ಬೆರಳು, ನಡುಬೆರಳಿನ ತುದಿಯ ಗೆಣ್ಣು, ಇದು ನೀನು.